ಗುಡ್ಡದಜ್ಜನ ಪಾಲು

ಸಂಡೂರು
22 ಫೆಬ್ರವರಿ 1998

ತಮ್ಮಾ ಹಾಲಪ್ಪ,

'ಇಲ್ಲಿ ಎಲ್ಲರೂ ಕ್ಷೇಮ' ಎಂದು ಶುರು ಮಾಡೋಣವೆಂದರೆ ಚಿಕ್ಕಪ್ಪನ ಮನೆಯಲ್ಲಿ ಸೂತಕ. ಗಾಬರಿಯಾಗಬೇಡ, ಮನುಷ್ಯರು ಯಾರೂ ಹೋಗಿಲ್ಲ. ದರೋಜಿ ಹತ್ತಿರ ರೈಲು ಹಳಿಯ ಮೇಲೆ ಗುಡ್ಡದಜ್ಜ ಸತ್ತು ಬಿದ್ದಿದ್ದನಂತೆ. ನಮ್ಮ ತವರು ಅಜ್ಜನ ಬೆಡಗಿನದು, ಅಜ್ಜನೇ ಕುಲದ ಮೂಲವಲ್ಲವೇ, ಸುದ್ದಿ ಬಂದ ಕೂಡಲೇ ಬೆಡಗಿನವರೆಲ್ಲ ತಲೆಯ ಮೇಲೆ ನೀರು ಹಾಕಿಕೊಂಡರು. ನಾನು ಮದುವೆಯಾಗಿ ಬೇರೆ ಬೆಡಗಿಗೆ ಹೋದವಳು, ನನಗೆ ಸೂತಕವಿಲ್ಲ. ಆದರೂ ಮನಸ್ಸು ತಡೆಯದೆ ಒಂದು ಚೊಂಬು ಸುರಿದುಕೊಂಡೆ. ನಿನ್ನ ಭಾವ, "ಕರಡಿ ಸತ್ತರೆ ನಿನಗ್ಯಾಕೆ ನೆಗಡಿ?" ಎಂದು ನಕ್ಕರು. ಅವರ ಬಾಯಲ್ಲಿ ಆ ಹೆಸರು ಎಷ್ಟು ಸಲೀಸಾಗಿ ಬರುತ್ತದೆ ನೋಡು. ನಾವಾದರೆ ಅಜ್ಜ ಎಂದೇ ಅನ್ನಬೇಕು.

ಚಿಕ್ಕಪ್ಪ ಹೇಳಿದ ಮಾತನ್ನು ಹಾಗೇ ಬರೆಯುತ್ತೇನೆ: "ಹಾಲಪ್ಪಗ ತಿಳಿಸು. ಅಲ್ಲಿ ಚಳಿ ಐತಿ ಅಂತ ನೆಪ ಹೇಳಬ್ಯಾಡ ಅನ್ನು. ದೂರ ಇದ್ದರ ಏನಾತು, ಈ ಮನಿ ಗಂಡುಮಗ ಅಂವ." ಅಪ್ಪ ಹೋದಾಗಿನಿಂದ ನಮ್ಮಿಬ್ಬರನ್ನು ಅನ್ನವಿಟ್ಟು ಸಾಕಿದವರ ಮಾತು. ಸ್ನಾನ ಮಾಡು.

ನೀನು ಕೇಳಿದ ಮಸಾಲೆ ಖಾರ ಕುಟ್ಟಿಸಿದ್ದೇನೆ. ನಿನ್ನ ಜೊತೆಯಲ್ಲಿರುವ ಚಿರಂತನ ರಜೆ ಮುಗಿಸಿ ಮೈಸೂರಿನಿಂದ ಹೊರಡುವ ಮೊದಲು ಅವನ ಕೈಸೇರುವಂತೆ ಪಾರ್ಸೆಲ್ ಹಾಕಿದ್ದೇನೆ. ಬಾಟಲಿಯ ಮುಚ್ಚಳ ಬಿಗಿ ಇದೆ, ಹಲ್ಲಿನಲ್ಲಿ ಕಚ್ಚಿ ತೆಗೆಯಬೇಡ.

ನಿನ್ನ ಅಕ್ಕ,
ಜಲಜಾಕ್ಷಿ

---

ಬೆಸ್ಟ್, ಐಂಡ್‌ಹೋವನ್ ಹತ್ತಿರ, ಹಾಲೆಂಡ್
15 ಮಾರ್ಚ್ 1998

ಅಕ್ಕಾ,

ಖಾರ ಬಂತು. ಚಿರಂತನ ಸಸ್ಯಾಹಾರಿ, ಪಾಪ. ಅವನ ಪೆಟ್ಟಿಗೆಯಲ್ಲಿದ್ದ ಅಂಗಿಗಳೆಲ್ಲ ನಮ್ಮ ಮನೆಯ ಬಾಡಿನ ವಾಸನೆ ಹೊಡೆಯುತ್ತಿವೆ. "ನಿಮ್ಮಕ್ಕನಿಗೆ ನನ್ನ ನಮಸ್ಕಾರ ಹೇಳು, ಇನ್ನೊಂದ್ಸಲ ಬೇರೆ ಯಾರನ್ನಾದ್ರೂ ಹಿಡೀರಿ ಅಂತಾನೂ ಹೇಳು" ಎಂದ.

ಸ್ನಾನದ ವಿಷಯ. ಮಾಡಿದೆ ಅಕ್ಕ. ನಿನ್ನ ಪತ್ರ ಬಂದ ದಿನವೇ ತಲೆಯ ಮೇಲೆ ನೀರು ಹಾಕಿಕೊಂಡೆ. ಚಿಕ್ಕಪ್ಪನಿಗೆ ಹೇಳು.

ಇಲ್ಲಿ ಇನ್ನೂ ಚಳಿ. ಬೆಳಗ್ಗೆ ಕತ್ತಲಿನಲ್ಲೇ ಸೈಕಲ್ ತುಳಿದು ಸ್ಟೇಷನ್ನಿಗೆ, ಅಲ್ಲಿಂದ ಬಸ್ಸಿನಲ್ಲಿ ವೆಲ್ಡ್‌ಹೋವನ್ನಿನ ಆಫೀಸಿಗೆ. ಮೊನ್ನೆ ಬಸ್ಸಿನಲ್ಲಿ ಕೂತಾಗ ಸುಮ್ಮನೆ ನೆನಪಾಯಿತು: ಬೆನಕನ ಅಮಾವಾಸ್ಯೆಯ ದಿನ ಚಿಕ್ಕಪ್ಪ ನಮ್ಮನ್ನು ಗುಡ್ಡಕ್ಕೆ ಕರೆದೊಯ್ದು ಚಪ್ಪಟೆ ಬಂಡೆಯ ಮೇಲೆ ಮೊದಲ ಸೀತಾಫಲ, ಬೆಲ್ಲ ಇಡುತ್ತಿದ್ದದ್ದು. ಅಜ್ಜನ ಪಾಲು. ಇಟ್ಟು, ಗುಡ್ಡದ ಕಡೆ ಮುಖಮಾಡಿ ಗಟ್ಟಿಯಾಗಿ ಕೂಗುತ್ತಿದ್ದರಲ್ಲ: "ನಿಮ್ಮೋರನ್ನ ನಾವು ತಿಂದಿಲ್ಲ, ನಮ್ಮೋರನ್ನ ನೀವು ತಿನಬ್ಯಾಡ್ರೀ." ಅವರ ಮಗ ಜಯದೇವ ಹಿಂದಿನಿಂದ ನನ್ನ ತೊಡೆ ಚಿವುಟಿ ನಗಿಸುತ್ತಿದ್ದ, ಒದೆ ಮಾತ್ರ ಅವನಿಗೇ ಬೀಳುತ್ತಿತ್ತು. ಲಾರಿ ಹೇಗೆ ನಡೆಯುತ್ತಿದೆ ಅವನದು?

ಹಾಲಪ್ಪ

---

ಬೆಸ್ಟ್
10 ಮೇ 1998

ಅಕ್ಕಾ,

ನಿನ್ನ ಖಾರ ದೇಶದೇಶಗಳ ಕಣ್ಣಲ್ಲಿ ನೀರು ತರಿಸಿತು! ಏಪ್ರಿಲ್ ಕೊನೆಯ ದಿನ ಇಲ್ಲಿ ರಾಣಿಯ ಹುಟ್ಟುಹಬ್ಬ. ಊರಿಗೆ ಊರೇ ಕಿತ್ತಳೆ ಬಣ್ಣ ಹಾಕಿಕೊಂಡು ಬೀದಿಗೆ ಬರುತ್ತದೆ. ಆಫೀಸಿಗೆ ರಜೆ. ನಮ್ಮ ಮನೆಯ ಹಿತ್ತಲಲ್ಲಿ ಊಟ ಇಟ್ಟುಕೊಂಡಿದ್ದೆವು. ನಮ್ಮ ವಿಭಾಗದ ಯಾನೆಜ್ ಬಂದಿದ್ದ, ಸ್ಲೊವೇನಿಯಾ ಎಂಬ ದೇಶದವನು, ಅದೂ ಗುಡ್ಡಗಾಡೇ. ಪಕ್ಕದ ಮನೆಯ ಡಚ್ ದಂಪತಿ, ಇನ್ನೊಂದಿಷ್ಟು ಜನ.

ಕುರಿ ಬಾಡು ನಾನೇ ಮಾಡಿದೆ. ಇಲ್ಲಿನ ಮಾಂಸ ಗಟ್ಟಿ, ಬೇಗ ಬೇಯುವುದಿಲ್ಲ. ಕುಕ್ಕರಿನಲ್ಲಿ ಸೀಟಿಯ ಮೇಲೆ ಸೀಟಿ ಹಾಕಿಸಿ, ಆಮೇಲೆ ಸಣ್ಣ ಉರಿಯಲ್ಲಿ ಸಂಜೆವರೆಗೂ ಬೇಯಿಸಿದೆ. ಹಲ್ಲಿಲ್ಲದವರೂ ತಿನ್ನಬಹುದಿತ್ತು, ಅಷ್ಟು ಮೆತ್ತಗೆ. ಎಲ್ಲರೂ 'ಲೆಕ್ಕರ್, ಲೆಕ್ಕರ್' ಎಂದು ಬೆರಳು ನೆಕ್ಕಿದರು. ರುಚಿಯಾಗಿದೆ ಎನ್ನಲು ಇಲ್ಲಿನವರ ಮಾತು ಅದು.

ಒಂದು ಫೋಟೋ ಇಟ್ಟಿದ್ದೇನೆ. ತೆಗೆದವನು ಚಿರಂತನ.

ಹಾಲಪ್ಪ

---

ಸಂಡೂರು
7 ಜೂನ್ 1998

ತಮ್ಮಾ,

ಎಷ್ಟು ನಕ್ಕೆವೋ! ತಲೆಯ ಮೇಲೆ ಕಿತ್ತಳೆ ಬಣ್ಣದ ಕಾಗದದ ಕಿರೀಟ, ಕೈಯಲ್ಲಿ ಸೌಟು, ಬಾಯಿ ಕಿವಿಯವರೆಗೆ. ಮೇಜಿನ ಮೇಲೆ ನನ್ನ ಖಾರದ ಬಾಟಲಿ ಕಂಡು ನನಗಂತೂ ನೆಲ ಕಾಣಲಿಲ್ಲ. ಫೋಟೋವನ್ನು ಚಿಕ್ಕಪ್ಪನ ಮನೆಗೆ ಒಯ್ದೆ. ಅವರು ಅದನ್ನು ಕೊಡಲೇ ಇಲ್ಲ, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ. ಬಂದವರಿಗೆಲ್ಲ, "ನಮ್ಮ ಹುಡುಗ ರಾಣಿ ಹಬ್ಬಕ್ಕ ಅಡಿಗಿ ಮಾಡ್ಯಾನ" ಎನ್ನುತ್ತಾರೆ. ರಾಣಿಯೇ ಬಂದು ಉಂಡಳೆಂದು ಊರಲ್ಲಿ ಅರ್ಧ ಮಂದಿ ನಂಬಿದ್ದಾರೆ.

ಚಿಕ್ಕಪ್ಪ ಒಂದು ಮಾತು ಕೇಳಲು ಹೇಳಿದರು. ಫೋಟೋದಲ್ಲಿ ಎಲ್ಲರೂ ನಿನ್ನ ಮುಖ ನೋಡಿ ಬಿದ್ದು ಬಿದ್ದು ನಗುತ್ತಿದ್ದಾರೆ. "ಅಂಥಾದ್ದು ಏನು ಹೇಳ್ಯಾನ ಕೇಳು, ನಾವೂ ನಗೋಣು."

ಜಯದೇವ ಚೆನ್ನಾಗಿದ್ದಾನೆ. ಅದಿರು ತುಂಬಿಕೊಂಡು ಬಂದರಿಗೆ ಹೋಗುತ್ತಾನೆ, ಬರುತ್ತಾನೆ. ದಾರಿಯ ಮೇಲೆ ಸಿಕ್ಕಿದ್ದನ್ನು ತಿನ್ನುತ್ತಾನೆಂದು ಅಪ್ಪ ಮಗನಿಗೆ ದಿನವೂ ಜಗಳ. ನಿನ್ನ ಫೋಟೋ ನೋಡಿ, "ಇವನ ಬಾಡು ತಿನ್ನಾಕ ನಾ ಲಾರಿ ತಗೊಂಡು ಹಾಲೆಂಡಿಗೇ ಹೊಕ್ಕೀನಿ" ಎಂದ.

ನಗು ಬಂದದ್ದು ಏಕೆ, ಬರೆ.

ಜಲಜಾಕ್ಷಿ

---

ಸಂಡೂರು
5 ಅಕ್ಟೋಬರ್ 1998

ತಮ್ಮಾ,

ನಿನ್ನಿಂದ ಪತ್ರ ಬಂದು ಮಳೆಗಾಲವೇ ಕಳೆಯಿತು. ಎರಡು ಬರೆದೆ, ಉತ್ತರವಿಲ್ಲ. ಕೆಲಸ ಜಾಸ್ತಿಯೇನೋ.

ಚಿಕ್ಕಪ್ಪನಿಗೆ ಸ್ವಲ್ಪ ಪೆಟ್ಟಾಗಿದೆ. ಸೀತಾಫಲ ಕೀಳಲು ಗುಡ್ಡಕ್ಕೆ ಹೋದಾಗ ಪೊದೆಯ ಆಚೆ ಅಜ್ಜ ಇದ್ದನಂತೆ, ಇಬ್ಬರೂ ಒಬ್ಬರಿಗೊಬ್ಬರು ಬೆದರಿದರು. ಕೆನ್ನೆಗೆ ಗಾಯ. ಬಳ್ಳಾರಿ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದ್ದಾರೆ. ಗಾಬರಿಯಾಗುವಂಥದ್ದೇನಿಲ್ಲ, ಮಾತಾಡುತ್ತಾರೆ. ರಜೆ ಕೇಳಿ ಓಡಿ ಬರುವುದು ಬೇಡ.

ಜಲಜಾಕ್ಷಿ

---

ಬೆಸ್ಟ್
18 ಅಕ್ಟೋಬರ್ 1998

ಅಕ್ಕಾ,

ಪತ್ರ ಈಗ ಕೈಗೆ ಬಂತು. ಗಾಯ ಎಷ್ಟು ದೊಡ್ಡದು? ಸರಿಯಾಗಿ ಬರೆ. ಕಣ್ಣಿಗೇನೂ ಆಗಿಲ್ಲ ತಾನೇ?

ಈ ಸಲ ಬಂಡೆಯ ಮೇಲೆ ಪಾಲು ಇಟ್ಟಿದ್ದರೇ? ಇಟ್ಟಾಗ ಆ ಮಾತು ಹೇಳಿದ್ದರೇ? ಪೂರ್ತಿ ಹೇಳಿದ್ದರೇ? ಸುಮ್ಮನೆ ಕೇಳಿದೆ.

ಹಾಲಪ್ಪ

---

ಸಂಡೂರು
8 ನವೆಂಬರ್ 1998

ತಮ್ಮಾ,

ನಿನ್ನ ಪತ್ರ ಓದಿ ನನ್ನ ಕಣ್ಣು ತುಂಬಿತು. ಅಷ್ಟು ದೂರ ಕೂತು, ಯಂತ್ರಗಳ ನಡುವೆ, ಬಂಡೆಯ ಮೇಲಿನ ಪಾಲು ನೆನೆಸಿಕೊಂಡು ಕೇಳಿದೆಯಲ್ಲ. ಚಿಕ್ಕಪ್ಪನಿಗೆ ಓದಿ ಹೇಳಿದೆ. "ನೋಡಿದೇನವ್ವಾ, ಬುಡ ಮರೆತಿಲ್ಲ ಅಂವ" ಎಂದರು.

ಪಾಲು ಇಟ್ಟಿದ್ದರು. ಮಾತೂ ಹೇಳಿದ್ದರು, ಪೂರ್ತಿ. ತೊಂದರೆ ಆಗಿರುವುದೇ ಅಲ್ಲಿ. ಆಸ್ಪತ್ರೆಯಲ್ಲಿ ಎಚ್ಚರ ಬಂದ ಮೇಲೆ ಮೊದಲು ಆಡಿದ ಮಾತೇ ಅದು: "ಅಜ್ಜ ಮಾತಿಗೆ ತಪ್ಪಾಂವ ಅಲ್ಲ. ನಾ ಸುಳ್ಳು ಹೇಳಿದಂಗಾತು. ನಮ್ಮೊಳಗ ಯಾರೋ ತಿಂದಾರ." ಆಮೇಲೆ ಜಯದೇವನನ್ನು ಹತ್ತಿರ ಕರೆದು ಕೇಳಿದರು. ಇವನು ಇಲ್ಲವೆಂದು ತಾಯಿಯಾಣೆ ಮಾಡಿದ. ಗಣಿಯ ಕ್ಯಾಂಪಿನಲ್ಲಿ ಯಾರ ಯಾರ ಜೊತೆಗೋ ಕಾಡುಹಂದಿ ತಿಂದು ಬಂದು ಮನೆಯಲ್ಲಿ ಜಂಬ ಕೊಚ್ಚಿದ್ದನಲ್ಲ ಹೋದ ವರ್ಷ, ಅದು ಚಿಕ್ಕಪ್ಪನ ತಲೆಯಲ್ಲಿ ಕೂತಿದೆ. ಆಣೆ ನಂಬಲಿಲ್ಲ. ಅವನ ಕೈಯಿಂದ ನೀರನ್ನೂ ತೆಗೆದುಕೊಳ್ಳುತ್ತಿಲ್ಲ. ಆಸ್ಪತ್ರೆಯಲ್ಲಿ ಅಪ್ಪನಿಗೆ ಚಮಚದಲ್ಲಿ ಗಂಜಿ ಹಾಕಲು ಹೋದರೆ ಮುಖ ಆಚೆ ತಿರುಗಿಸಿದರು. ಜಯದೇವ ಬಟ್ಟಲು ಹಿಡಿದುಕೊಂಡೇ ಹೊರಗೆ ಬಂದ.

ಈಗ ಲಾರಿಯಲ್ಲೇ ಮಲಗುತ್ತಾನೆ. ಚಿಕ್ಕಪ್ಪನಿಗೆ ನಿನ್ನ ಮಾತೆಂದರೆ ಬೆಲೆ. ಎರಡು ಸಾಲು ಬರೆ.

ಜಲಜಾಕ್ಷಿ

---

ಬೆಸ್ಟ್
29 ನವೆಂಬರ್ 1998

ಅಕ್ಕಾ,

ಇದು ಅನ್ಯಾಯ. ಸೀತಾಫಲದ ಕಾಲದಲ್ಲಿ ಅವು ಹಣ್ಣಿಗೆ ಬರುತ್ತವೆ, ಥಟ್ಟನೆ ಎದುರಾದರೆ ಮೇಲೆ ಬೀಳುತ್ತವೆ. ಇಲ್ಲಿನ ಗ್ರಂಥಾಲಯದಲ್ಲಿ ಪುಸ್ತಕ ತೆಗೆದು ಓದಿದೆ, ಎಲ್ಲ ದೇಶದಲ್ಲೂ ಹೀಗೇ. ಯಾರು ಏನು ತಿಂದರು ಎನ್ನುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಮೂಢನಂಬಿಕೆಗೆ ಮಗನನ್ನು ದೂರ ಮಾಡಬೇಡಿ ಎಂದು ಚಿಕ್ಕಪ್ಪನಿಗೆ ತಿಳಿಹೇಳು. ಶಾಲೆಯಲ್ಲಿ ಪಾಠ ಹೇಳುವವಳು ನೀನು, ನೀನೇ ಹೇಳದಿದ್ದರೆ ಹೇಗೆ?

ಹಾಲಪ್ಪ

---

ಸಂಡೂರು
19 ಡಿಸೆಂಬರ್ 1998

ಹಾಲಪ್ಪ,

ನಿನ್ನ ಪತ್ರವನ್ನು ಚಿಕ್ಕಪ್ಪನಿಗೆ ಓದಲಿಲ್ಲ. ಅಕ್ಟೋಬರಿನಲ್ಲಿ 'ಮಾತು ಪೂರ್ತಿ ಹೇಳಿದ್ದರೇ' ಎಂದು ಕೇಳಿದವನು ನೀನೇ, ನವೆಂಬರಿನಲ್ಲಿ 'ಮೂಢನಂಬಿಕೆ' ಎಂದವನೂ ನೀನೇ. ಯಾವ ತಮ್ಮನನ್ನು ನಂಬಲಿ ನಾನು? ಮೂರನೇ ಕ್ಲಾಸಿನ ಮಕ್ಕಳಿಗೆ ಪಾಠ ಹೇಳಿದಂತೆ ಬರೆದಿದ್ದೀಯ. ಎರಡು ಪ್ರೀತಿಯ ಸಾಲು ಕೇಳಿದ್ದೆ, ಅಷ್ಟೇ.

ನಿನ್ನೆ ಜಯದೇವ ಶಾಲೆಯ ಹತ್ತಿರ ಬಂದಿದ್ದ. ಗಡ್ಡ ಬಿಟ್ಟಿದ್ದಾನೆ. "ಅಕ್ಕಾ, ಸಂಕ್ರಾಂತಿ ದಿನ ಹೋಗಿ 'ತಿಂದೀನಿ' ಅಂತ ಒಪ್ಪಿಕೊಂಡು ಬಿಡ್ತೀನಿ" ಎಂದ. "ತಿಂದಿದ್ದೀಯೇನೋ?" ಎಂದೆ. "ಇಲ್ಲ. ಆದರ ಅಪ್ಪಗ ಯಾರರೇ ಒಬ್ರು ತಿಂದಿರಬೇಕಲ್ಲ. ನಾ ಆದರ ತಪ್ಪಿನ ದಂಡ ಕಟ್ಟಿ, ತಲಿ ಬೋಳಿಸಿಕೊಂಡು, ಅಪ್ಪನ ಕೂಡ ಇರತೀನಿ. ನಾಕು ದಿನ ಬೈತಾನ, ಆಮ್ಯಾಲ ನನ್ನ ಕೈಯಾಗ ನೀರು ಕುಡೀತಾನ" ಎಂದ.

ಮಾಡದ ತಪ್ಪನ್ನು ತಲೆಯ ಮೇಲೆ ಹೊತ್ತರೆ ಅವನು ಸಾಯುವವರೆಗೂ ಈ ಊರಲ್ಲಿ ಅಜ್ಜನನ್ನು ತಿಂದವನೇ. ನಾನು ಬೇಡವೆಂದೆ. ಅವನು ಕೇಳುವುದಿಲ್ಲ.

ಜಲಜಾಕ್ಷಿ

---

ಬೆಸ್ಟ್
2 ಜನವರಿ 1999

ಅಕ್ಕಾ,

ಇದು ಸಂಕ್ರಾಂತಿಯೊಳಗೆ ತಲುಪಬೇಕು, ಅದಕ್ಕೇ ಎಕ್ಸ್‌ಪ್ರೆಸ್ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ನಿನ್ನೆ ನಿಮ್ಮ ಪಕ್ಕದ ಮನೆಗೆ ಫೋನ್ ಮಾಡಿದ್ದೆ. ನೀನು ಓಡಿ ಬಂದು 'ಹಲೋ' ಎಂದೆ. ನಾನು ಇಟ್ಟುಬಿಟ್ಟೆ. ಅದು ನಾನೇ.

ಜಯದೇವ ತಿಂದಿಲ್ಲ. ತಿಂದವನು ನಾನು.

ರಾಣಿಯ ಹಬ್ಬದ ದಿನದ ಊಟ ಕುರಿಯದಲ್ಲ. ಯಾನೆಜ್‌ನ ಅಪ್ಪ ಬೇಟೆಗಾರ, ಅವರ ದೇಶದಲ್ಲಿ ಪರವಾನಗಿ ಪಡೆದು ಅಜ್ಜನನ್ನು ಹೊಡೆಯುತ್ತಾರೆ. ಈಸ್ಟರ್ ಹಬ್ಬಕ್ಕೆ ಊರಿಗೆ ಹೋದವನು ಕಾರಿನಲ್ಲಿ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಮಾಂಸ ತಂದಿದ್ದ. ನನಗೆ ಮೊದಲು ಗೊತ್ತಿರಲಿಲ್ಲ. ಎಲ್ಲರೂ ಊಟಕ್ಕೆ ಕೂತ ಮೇಲೆ ಹೇಳಿದ. ಅಷ್ಟು ಜನರ ಮುಂದೆ ಎದ್ದು ಹೋಗುವುದು ಹೇಗೆ? ಅವನು ಪ್ರೀತಿಯಿಂದ ಅಷ್ಟು ದೂರ ಹೊತ್ತು ತಂದವನು. ಇಲ್ಲಿ ಬಂದ ಹೊಸದರಲ್ಲಿ ನನಗೆ ಮನೆ ಹುಡುಕಿಕೊಟ್ಟವನೂ ಅವನೇ. ಅವನಿಗೆ ಬೇಸರವಾಗಬಾರದೆಂದು ಒಂದೇ ಒಂದು ತುಂಡು ಬಾಯಿಗೆ ಹಾಕಿಕೊಂಡೆ. ನುಂಗಲಾಗಲಿಲ್ಲ, ನೀರು ಕುಡಿದು ಇಳಿಸಿದೆ. ಆ ರಾತ್ರಿಯೆಲ್ಲ ಹೊಟ್ಟೆ ತೊಳೆಸಿತು. ಆಮೇಲೆ ನಿನಗೆ ಬರೆಯಲು ಕೂತಾಗಲೆಲ್ಲ ಪೆನ್ನು ಏಳಲಿಲ್ಲ, ಮಳೆಗಾಲವಿಡೀ ಬರೆಯದೆ ಇದ್ದುದಕ್ಕೆ ಕಾರಣ ಅದೇ. ನೀನಂದುಕೊಂಡಂತೆ ಕೆಲಸವೇನೂ ಜಾಸ್ತಿಯಿರಲಿಲ್ಲ.

ಪುಸ್ತಕ ಓದಿದ್ದು ನಿಜ. ಸಂಬಂಧವಿಲ್ಲ ಎಂದು ಅದರಲ್ಲಿ ಬರೆದಿರುವುದೂ ನಿಜ. ದಿನವೂ ಬಸ್ಸಿನಲ್ಲಿ ಕೂತು ಅದನ್ನೇ ನನಗೆ ನಾನೇ ಹೇಳಿಕೊಳ್ಳುತ್ತೇನೆ, ವೆಲ್ಡ್‌ಹೋವನ್ ಬರುವ ಹೊತ್ತಿಗೆ ಚಿಕ್ಕಪ್ಪನ ಕೆನ್ನೆ ಕಣ್ಣಮುಂದೆ ಬರುತ್ತದೆ. ಏಪ್ರಿಲಿನಲ್ಲಿ ನಾನು ತಿಂದೆ, ಅಮಾವಾಸ್ಯೆಯಲ್ಲಿ ಅವರು 'ತಿಂದಿಲ್ಲ' ಎಂದರು. ಅವರ ಬಾಯಲ್ಲಿ ಸುಳ್ಳು ಹೊರಡಿಸಿದವನು ನಾನು.

ಇದನ್ನು ಚಿಕ್ಕಪ್ಪನಿಗೆ ಓದು. ಜಯದೇವನನ್ನು ಮನೆಗೆ ಕರೆಸು.

ಹಾಲಪ್ಪ

---

ಸಂಡೂರು
17 ಜನವರಿ 1999

ಹಾಲಪ್ಪ,

ಪತ್ರ ಸಂಕ್ರಾಂತಿಯ ಹಿಂದಿನ ದಿನ ಬಂತು. ಶಾಲೆಯ ಜಗಲಿಯ ಮೇಲೆ ನಿಂತು ಓದಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. 'ಪೂರ್ತಿ ಹೇಳಿದ್ದರೇ' ಎಂದು ಅಕ್ಟೋಬರಿನಲ್ಲೇ ನೀನು ಹೆಗಲು ಮುಟ್ಟಿಕೊಂಡಿದ್ದೆ. ನಾನು ಅದನ್ನು ಭಕ್ತಿ ಎಂದುಕೊಂಡು ಅತ್ತೆ. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

ಸಂಜೆ ಹೋಗಿ ಚಿಕ್ಕಪ್ಪನಿಗೆ ಓದಿದೆ. ಗೋಡೆಗೆ ಒರಗಿ ಕೇಳಿದರು. ಮುಗಿದ ಮೇಲೆ, "ಒಂದು ತುಂಡು ತಿಂದಾಂವ ಇಷ್ಟುದ್ದ ಬರೆಯಂಗಿಲ್ಲವ್ವಾ" ಎಂದರು. ಆಮೇಲೆ, "ಕೇಳು ಅವನ್ನ. ರುಚಿ ಇತ್ತೇನು?"

ಅಷ್ಟೇ ಕೇಳಿದರು. ನಿಜ ಬರುವವರೆಗೆ ಯಾರ ಮೇಲೂ ತಪ್ಪಿಲ್ಲ, ಯಾರಿಗೂ ಬಿಡುಗಡೆಯೂ ಇಲ್ಲ ಎಂದರು. ಜಯದೇವ ಒಪ್ಪಿಕೊಳ್ಳದಂತೆ ನಾನು ತಡೆದಿದ್ದೇನೆ. ಇನ್ನೂ ಲಾರಿಯಲ್ಲೇ ಇದ್ದಾನೆ.

ಗೋಡೆಯ ಮೇಲಿನ ಫೋಟೋ ನಾನೂ ನೋಡಿದೆ. ಊಟಕ್ಕೆ ಕೂತ ಮೇಲೆ ಗೊತ್ತಾಯಿತು ಎನ್ನುತ್ತೀಯ. ಸೌಟು ನಿನ್ನ ಕೈಯಲ್ಲಿದೆ. ಪಕ್ಕದಲ್ಲಿ ನನ್ನ ಖಾರದ ಬಾಟಲಿ ಅರ್ಧ ಖಾಲಿ.

ಜಲಜಾಕ್ಷಿ

---

ಬೆಸ್ಟ್
7 ಫೆಬ್ರವರಿ 1999

ಚಿಕ್ಕಪ್ಪಾ,

ಈ ಪತ್ರ ನಿಮಗೆ. ಅಕ್ಕಾ, ಒಂದಕ್ಷರವೂ ಬಿಡದೆ ಓದು.

ರುಚಿ ಇತ್ತು, ಚಿಕ್ಕಪ್ಪ. ಎರಡನೇ ಸಲವೂ ಹಾಕಿಸಿಕೊಂಡು ತಿಂದೆ.

ಮೊದಲೇ ಗೊತ್ತಿತ್ತು. ಯಾನೆಜ್ ಊರಿಗೆ ಹೋಗುವ ಮೊದಲೇ ಕೇಳಿದ್ದ, "ತಂದರೆ ನಿನ್ನ ಮಸಾಲೆಯಲ್ಲಿ ಮಾಡುತ್ತೀಯಾ?" ಎಂದು. "ತಾ" ಎಂದೆ. ಬೇಡವೆನ್ನಲು ಎಷ್ಟೋ ದಿನ ಇದ್ದವು. ನಮ್ಮ ಮನೆಯಲ್ಲಿ ತಿನ್ನುವುದಿಲ್ಲ ಎಂದು ಒಂದು ಮಾತು ಹೇಳಿದ್ದರೆ ಅವನು ತರುತ್ತಲೇ ಇರಲಿಲ್ಲ. ಅವನು ಒಳ್ಳೆಯವನು. ಆದರೆ ಅದನ್ನು ಹೇಳಲು ನನಗೆ ನಾಚಿಕೆಯಾಯಿತು. ಇವರೆದುರು ನಾನು ಕಾಡುಜನರ ಹಾಗೆ ಕಾಣುತ್ತೇನೆ ಎನಿಸಿತು. ಆ ನಾಚಿಕೆ ತಪ್ಪಿಸಿಕೊಳ್ಳಲು ಹೋಗಿ ಈಗ ಇದನ್ನು ಕಟ್ಟಿಕೊಂಡಿದ್ದೇನೆ.

ಮಾಂಸ ಕಪ್ಪಗೆ ಇತ್ತು, ಮೇಲೆ ಬೆಣ್ಣೆಯಂಥ ದಪ್ಪ ಕೊಬ್ಬು. ಕೊಬ್ಬನ್ನೆಲ್ಲ ಕೊರೆದು ತೆಗೆದೆ, ಇಲ್ಲದಿದ್ದರೆ ವಾಸನೆ ಬರುತ್ತದಂತೆ. ರಾತ್ರಿಯೆಲ್ಲ ಮೊಸರು, ಅರಿಶಿನ, ಬೆಳ್ಳುಳ್ಳಿ ಹಚ್ಚಿ ಇಟ್ಟೆ. ಈ ಮಾಂಸದಲ್ಲಿ ಹುಳ ಇರುತ್ತದೆ, ಒಳಗೆ ಒಂಚೂರೂ ಕೆಂಪು ಉಳಿಯಬಾರದು ಎಂದು ಅವನ ಅಪ್ಪ ಹೇಳಿ ಕಳಿಸಿದ್ದ. ಅದಕ್ಕೇ ಅಷ್ಟು ಬೇಯಿಸಿದ್ದು. ಕುಕ್ಕರಿನ ಸೀಟಿಗೆ ಪಕ್ಕದ ಮನೆಯಾಕೆ ಬೆಂಕಿ ಬಿತ್ತೆಂದು ಬೇಲಿಯ ಹತ್ತಿರ ಓಡಿ ಬಂದಳು. ಆಮೇಲೆ ಈರುಳ್ಳಿ, ಹುರಿದ ಒಣಕೊಬ್ಬರಿ, ಗಸಗಸೆ, ಅಕ್ಕನ ಖಾರ. ಸಣ್ಣ ಉರಿಯಲ್ಲಿ ಸಂಜೆವರೆಗೂ ಬಿಟ್ಟೆ. ಸೌಟು ತಾಗಿಸಿದರೆ ಎಲುಬಿನಿಂದ ಕಳಚಿಕೊಳ್ಳುತ್ತಿತ್ತು. ಕುರಿಗಿಂತ ಸಿಹಿ ಇತ್ತು ಚಿಕ್ಕಪ್ಪ. ಹೊಟ್ಟೆ ತೊಳೆಸಲಿಲ್ಲ. ಚೆನ್ನಾಗಿ ನಿದ್ದೆ ಬಂತು.

ಇನ್ನೂ ಒಂದಿದೆ. ಅವರೆಲ್ಲ ಏಕೆ ನಕ್ಕರೆಂದು ನೀವು ಕೇಳಿ ಕಳಿಸಿದ್ದಿರಿ. ಬಡಿಸುವಾಗ ನಾನು ಸೌಟು ಎತ್ತಿ ಹಿಡಿದು, "ಇವರು ನಮ್ಮ ಅಜ್ಜ, ಮರ್ಯಾದೆಯಿಂದ ತಿನ್ನಿ" ಎಂದೆ. ಎಲ್ಲರೂ ನಕ್ಕರು. ಅವರು ನಕ್ಕದ್ದು ಹಿತವಾಯಿತು. ಬಂಡೆ, ಪಾಲು ಎಲ್ಲ ಇಂಗ್ಲಿಷಿನಲ್ಲಿ ಹೇಳಿದೆ. ಆ ಮಾತನ್ನು ಹಾಗೇ ಹೇಳಿ ತೋರಿಸು ಎಂದರು. ನಾನು ನಿಮ್ಮ ಹಾಗೆ ಸೊಂಟದ ಮೇಲೆ ಕೈಯಿಟ್ಟು, ನಿಮ್ಮ ದನಿಯಲ್ಲೇ ಕೂಗಿದೆ, "ನಿಮ್ಮೋರನ್ನ ನಾವು ತಿಂದಿಲ್ಲ" ಎಂದು. ಬಾಯಲ್ಲಿ ತುತ್ತು ಇತ್ತು. ಚಪ್ಪಾಳೆ ಹೊಡೆದರು. ಇನ್ನೊಂದು ಸಲ ಎಂದರು, ಇನ್ನೊಂದು ಸಲ ಕೂಗಿದೆ. ನಿಮ್ಮ ಗೋಡೆಯ ಮೇಲಿರುವ ಫೋಟೋ ಆ ಗಳಿಗೆಯದು.

ಅಲ್ಲಿ ಕನ್ನಡ ತಿಳಿಯುತ್ತಿದ್ದವನು ಚಿರಂತನ ಒಬ್ಬನೇ. ಕ್ಯಾಮರಾ ಇಳಿಸಿ, "ಅದು ನಿಮ್ ಮನೆಯವರು ಕೈ ಮುಗಿದು ಹೇಳೋ ಮಾತಲ್ವೇನೋ?" ಎಂದ. "ಸುಮ್ನಿರೋ, ತಮಾಷೆಗೆ" ಎಂದೆ.

ಹೋದ ವರ್ಷ ರೈಲಿಗೆ ಸಿಕ್ಕಿ ಅಜ್ಜ ಹೋದಾಗ ಸ್ನಾನ ಮಾಡಿದೆ ಎಂದು ಬರೆದಿದ್ದೆ. ಅದೂ ಇಲ್ಲ. ಬೆಳಗ್ಗೆ ಆಫೀಸಿಗೆ ಹೋಗುವಾಗ ಮಾಡಿದ್ದ ಸ್ನಾನವನ್ನೇ ಜಮೆ ಮಾಡಿಕೊಂಡೆ.

ಈಗ ಬರೆಯುವುದು ಏನೂ ಉಳಿದಿಲ್ಲ. ಬೆಡಗಿನಿಂದ ಹೊರಗಿಟ್ಟರೂ ಸರಿ. ಜಯದೇವನ ಕೈಯಿಂದ ನೀರು ಕುಡಿಯಿರಿ.

ಹಾಲಪ್ಪ

---

ಸಂಡೂರು
14 ಮಾರ್ಚ್ 1999

ತಮ್ಮಾ,

ಒಂದಕ್ಷರವೂ ಬಿಡದೆ ಓದಿದೆ. ಬಾಯಲ್ಲಿ ತುತ್ತು ಇತ್ತು ಎನ್ನುವಲ್ಲಿ ಕಾಗದ ಮಡಚಲು ಹೋದೆ. "ಓದು" ಎಂದರು. ಓದಿದೆ. ಮುಗಿದ ಮೇಲೆ, "ಈಗ ನಿಜ ಬಂತು" ಎಂದು ಹೇಳಿ, ಜಯದೇವನನ್ನು ಕರೆತರಲು ನನ್ನನ್ನೇ ಕಳಿಸಿದರು. ಅವನು ಬಾಗಿಲಲ್ಲೇ ನಿಂತ. "ಲೇ, ನೀರು ಕೊಡು" ಎಂದರು. ಜಯದೇವ ಚೊಂಬು ತುಂಬಿ ತಂದು ಕೊಟ್ಟ, ಅವರು ಕುಡಿದರು, ಅರ್ಧ ಎದೆಯ ಮೇಲೆ ಚೆಲ್ಲಿತು. ನಾನು ಹಿತ್ತಲಿಗೆ ಹೋಗಿ ಅತ್ತೆ. ನಿನ್ನ ಮೇಲಿನ ಸಿಟ್ಟಿಗೂ ಅತ್ತೆ. ಆ ಸಿಟ್ಟು ಇನ್ನೂ ಇದೆ, ಇಳಿದಿದೆ ಎಂದುಕೊಳ್ಳಬೇಡ. ಖಾರ ನನ್ನದು. ನನ್ನನ್ನೂ ಸೇರಿಸಿದೆ ನೀನು ಅದರಲ್ಲಿ.

ಮಾರನೆಯ ದಿನ ಬೆಳಗ್ಗೆ ಗುಡ್ಡಕ್ಕೆ ಹೋಗಬೇಕೆಂದು ಹಟ ಹಿಡಿದರು. ಹಣ್ಣಿನ ಕಾಲವಲ್ಲ, ಬೆಲ್ಲ ಮಾತ್ರ ತೆಗೆದುಕೊಂಡೆವು. ಒಂದು ಕಡೆ ಜಯದೇವ, ಒಂದು ಕಡೆ ನಾನು, ಹಿಡಿದುಕೊಂಡು ಹತ್ತಿಸಿದೆವು. ಬಂಡೆಯ ಮೇಲೆ ಬೆಲ್ಲ ಇಟ್ಟು, ಅವರು ಈ ಸಲ ಕೂಗಲಿಲ್ಲ. ಎದುರಿಗೆ ಯಾರೋ ಕೂತಿದ್ದಾರೆ ಎನ್ನುವಂತೆ ಮೆಲ್ಲಗೆ ಹೇಳಿದರು:

"ನನ್ನ ಹುಡುಗ ನಿಮ್ಮೋನನ್ನ ತಿಂದ. ನೀ ನನ್ನ ಮುಖ ತಿಂದಿ. ಇಲ್ಲಿಗೆ ಸಾಕು. ಇನ್ನ ಯಾರೂ ಯಾರನ್ನೂ ತಿನ್ನೂದು ಬ್ಯಾಡ."

ಈಗ ನನ್ನ ಸುಳ್ಳು ಹೇಳುತ್ತೇನೆ. ಕೆನ್ನೆಗೆ ಸ್ವಲ್ಪ ಗಾಯ ಎಂದು ಬರೆದಿದ್ದೆ. ನೀನು ಕಣ್ಣಿನ ಬಗ್ಗೆ ಕೇಳಿದ್ದೆ, ನಾನು ಆ ಮಾತೇ ಎತ್ತಲಿಲ್ಲ. ಎಡಗಣ್ಣು ಹೋಗಿದೆ, ಹಾಲಪ್ಪ. ಮೂಗಿನ ಒಂದು ಬದಿ ಇಲ್ಲ. ದವಡೆ ಮುರಿದು ಸೊಟ್ಟ ಕೂಡಿದೆ, ಹಲ್ಲುಗಳು ಅಜ್ಜನ ಏಟಿಗೇ ಹೋದವು. ಆವತ್ತಿನಿಂದ ಅವರು ಏನನ್ನೂ ಅಗಿದು ತಿಂದಿಲ್ಲ. ಗಂಜಿ, ಅಂಬಲಿ, ಹಾಲು. ಮನೆಯಲ್ಲಿ ಬಾಡು ಮಾಡುವುದನ್ನೇ ಬಿಟ್ಟಿದ್ದಾರೆ. ನೀನು ಅಲ್ಲಿ ಒಬ್ಬನೇ ಇರುವವನು, ಅಷ್ಟು ದೂರದಿಂದ ಏನು ಮಾಡಲಾದೀತು ಎಂದು ಮುಚ್ಚಿಟ್ಟೆ. ಬಂದಾಗ ಆ ಮುಖ ನೋಡಿ ನೀನು ಅಳಬಾರದು, ಕಣ್ಣು ತಪ್ಪಿಸಲೂ ಬಾರದು. ಅದಕ್ಕೇ ಈಗಲೇ ಹೇಳಿದ್ದು.

ಫೋಟೋ ಇಳಿಸಲು ಹೋದೆ. "ಇರಲಿ ಬಿಡವ್ವಾ" ಎಂದರು.

ನೀನು ಹೊರಗೋ ಒಳಗೋ ಎಂದು ನಾನೇ ಬಾಯಿಬಿಟ್ಟು ಕೇಳಿದೆ. ನಿನ್ನ ಪತ್ರವನ್ನು ಇನ್ನೊಮ್ಮೆ ತೆಗೆಯಿಸಿದರು, ಪೂರ್ತಿ ಬೇಡ, ಅಡುಗೆಯ ಭಾಗ ಮಾತ್ರ ಓದು ಎಂದರು. ಮೊಸರು ಹಚ್ಚಿದ್ದು, ಸಣ್ಣ ಉರಿಯಲ್ಲಿ ಬಿಟ್ಟದ್ದು, ಎಲುಬಿನಿಂದ ಕಳಚಿಕೊಂಡದ್ದು. ಕೇಳುತ್ತಾ ಕೇಳುತ್ತಾ ಆ ಸೊಟ್ಟ ಬಾಯಿ ಮೆಲ್ಲಗೆ ಆಡುತ್ತಿತ್ತು. ಆಮೇಲೆ ಹೇಳಿದರು:

"ಸೀತಾಫಲದ ಹೊತ್ತಿಗೆ ಬಾ ಅನ್ನು. ಒಂದು ಕುರಿ ತರಸ್ತೀನಿ. ಅವನ ಕೈಲೇ ಮಾಡಸು. ಹಲ್ಲಿಲ್ಲದವರೂ ತಿನ್ನೂವಂಗ ಬೇಯಿಸಾಕ ಬರತೈತಿ ಅಂತಲ್ಲ ಅವಗ."

ಖಾರ ಇಲ್ಲೇ ಇದೆ. ಕಳಿಸುವುದಿಲ್ಲ. ಬಂದು ಹಾಕು.

ನಿನ್ನ ಅಕ್ಕ,
ಜಲಜಾಕ್ಷಿ